ಸೆಲೆರಿನಾ ಹೇಳದೆ ಬಿಟ್ಟ ಆರು ವಾರ

ಉತ್ತರದ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದೆ ಎಂಬ ಸುದ್ದಿ ಫೋನಿಗೆ ಬಂದಾಗ ಸೆಲೆರಿನಾ ದ್ರಾಕ್ಷಿ ಕಣಿವೆಯ ಮಡೇರಾ ಊರಿನ ಹಣ್ಣು ವಿಂಗಡಿಸುವ ಶೆಡ್ಡಿನ ಹಿಂದೆ, ಖಾಲಿ ಕ್ರೇಟುಗಳ ನೆರಳಲ್ಲಿ ಕುಳಿತು ರೊಟ್ಟಿ ತಿನ್ನುತ್ತಿದ್ದಳು. ಅವಳಿಗೆ ಮೂವತ್ತೊಂದು ವರ್ಷ. ಸುದ್ದಿಯನ್ನು ಎರಡು ಸಲ ಓದಿದಳು. ಫೋನನ್ನು ಜೇಬಿಗೆ ಹಾಕಿ, ಕೈಗವಸು ಮತ್ತೆ ಏರಿಸಿಕೊಂಡು ಒಳಗೆ ಹೋಗಿ, ನಾಲ್ಕು ಗಂಟೆಯವರೆಗೆ ಕೊಳೆತ ಕಿತ್ತಳೆಯನ್ನು ಒಳ್ಳೆಯದರಿಂದ ಬೇರೆ ಮಾಡಿದಳು. ಪಕ್ಕದಲ್ಲಿ ನಿಂತಿದ್ದ ಹೆಂಗಸು, "ಏನೇ, ಒಬ್ಬಳೇ ನಗ್ತಾ ಇದೀಯ?" ಎಂದು ಕೇಳಿದರೆ "ಹಲ್ಲು ನೋವು" ಎಂದಳು.

ಹಲ್ಲು ನೋವಿಗೆ ಯಾರಾದರೂ ನಗುತ್ತಾರೆಯೇ? ಆದರೆ ಆ ಹೆಂಗಸು ಮತ್ತೆ ಕೇಳಲಿಲ್ಲ. ಸೆಲೆರಿನಾ ಸ್ವಲ್ಪ ಒಂದು ಥರದವಳು ಎಂದು ಶೆಡ್ಡಿನಲ್ಲಿ ಎಲ್ಲರೂ ಎಂದೋ ತೀರ್ಮಾನಿಸಿಬಿಟ್ಟಿದ್ದರು. ಊಟದ ಹೊತ್ತಿನಲ್ಲಿ ದ್ರಾಕ್ಷಿ ಎಲೆಯ ಬೂಷ್ಟಿನ ಬಗ್ಗೆ ಪುಸ್ತಕ ಓದುವವಳನ್ನು ಇನ್ನೇನೆಂದು ತೀರ್ಮಾನಿಸುತ್ತಾರೆ?

ಮನೆಯಲ್ಲಾದರೂ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಮನೆಯಲ್ಲಿ ಜನಕ್ಕೇನೂ ಬರವಿರಲಿಲ್ಲ. ಅಪ್ಪ ಫಿದೆನ್ಸಿಯೊ, ತಂಗಿ ಒಫೇಲಿಯಾ, ತಂಗಿಯ ಗಂಡ, ಅವರ ಮೂರು ಮಕ್ಕಳು, ಎಲ್ಲ ಸೇರಿ ಮೂರು ಕೋಣೆ. ಅಮ್ಮ ಎರ್ಮಿನಿಯಾ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಬಚ್ಚಲಮನೆಗೆ ಸರದಿ, ಒಲೆಗೆ ಸರದಿ, ಸೋಫಾಕ್ಕೂ ಸರದಿ. ಅಷ್ಟು ಜನರ ನಡುವೆ ಒಬ್ಬಳು ಒಂಟಿಯಾಗಿರಬಹುದು ಎಂದರೆ ನಮ್ಮ ಕಣಿವೆಯವರು ನಗುತ್ತಾರೆ. ಇರಬಹುದು. ನಾನು ಕಂಡಿದ್ದೇನೆ.

ಅವಳ ಒಂಟಿತನಕ್ಕೆ ಒಂದು ಅಡ್ಡಹೆಸರಿತ್ತು: "ಲಾಯರಮ್ಮ". ಇಟ್ಟವನು ಸ್ವಂತ ಅಪ್ಪ. ಹದಿನೆಂಟನೇ ವಯಸ್ಸಿನಲ್ಲಿ ಅವಳು ದಕ್ಷಿಣಕ್ಕೆ ಒಂದು ಗಂಟೆ ದಾರಿಯ ಇನ್ನೊಂದು ಊರಿನಲ್ಲಿ, ಸೋದರತ್ತೆಯ ಮನೆಯಲ್ಲಿದ್ದುಕೊಂಡು ಅಲ್ಲಿನ ಕಾಲೇಜಿಗೆ ಸೇರಿದ್ದಳು. ಅವರ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಜೀವ ಅದು. ಫಿದೆನ್ಸಿಯೊ ದ್ರಾಕ್ಷಿ ಸಾಲುಗಳ ನಡುವೆ ನಿಂತು ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದ, ಮೇಸ್ತ್ರಿ ಅಬುಂದಿಯೊಗಂತೂ ದಿನಕ್ಕೆರಡು ಸಲ. ಸರಿಯಾಗಿ ಆರು ವಾರ ಕಳೆದ ಮೇಲೆ ಹುಡುಗಿ ಬಟ್ಟೆಯ ಚೀಲದೊಂದಿಗೆ ಮನೆಗೆ ವಾಪಸ್ಸು ಬಂದಳು. ತಲೆಗೆ ಹತ್ತಲಿಲ್ಲವಂತೆ. ತಾನು ಊರೆಲ್ಲ ಡಂಗುರ ಸಾರಿದ್ದ ಮಾತನ್ನು ಅವನು ಒಬ್ಬೊಬ್ಬರ ಮುಂದೆಯೂ ನುಂಗಬೇಕಾಯಿತು. ನುಂಗಲಾರದ್ದನ್ನು ತಮಾಷೆ ಮಾಡಿಕೊಂಡ.

"ಬಂದ್ರು ನೋಡ್ರಪ್ಪಾ, ಆರು ವಾರದ ಲಾಯರಮ್ಮ! ದಾರಿ ಬಿಡಿ, ದಾರಿ ಬಿಡಿ!"

ತೋಟದಲ್ಲಿ ಹೇಳಿದ, ಮದುವೆ ಮನೆಗಳಲ್ಲಿ ಹೇಳಿದ, ತಂಗಿಯ ಮಗುವಿನ ದೀಕ್ಷಾಸ್ನಾನದ ದಿನ ಪಾದ್ರಿಯ ಮುಂದೆಯೂ ಹೇಳಿದ. ಕೊನೆಗೆ ಮೇಸ್ತ್ರಿಯೂ ಹಾಗೇ ಕರೆಯತೊಡಗಿದ. ಇಪ್ಪತ್ತೆಂಟನೇ ವಯಸ್ಸಿನಲ್ಲಿ ಅವಳು ಪದವಿಯ ಮೊದಲೆರಡು ವರ್ಷ ಕಲಿಸುವ ನಮ್ಮೂರಿನ ಸಮುದಾಯ ಕಾಲೇಜಿಗೆ ಸೇರಿ, ಶೆಡ್ಡಿನ ಕೆಲಸ ಮುಗಿಸಿ ಸಂಜೆ ತರಗತಿಗೆ ಹೊರಟಾಗ ಅವನ ತಮಾಷೆಗೆ ಹೊಸ ಕೊಂಬು ಮೂಡಿತು. "ಏಳನೇ ವಾರ ಬಂತೇನಮ್ಮ?" ಎಂದು ಊಟಕ್ಕೆ ಕೂತಾಗಲೆಲ್ಲ ಕೇಳುತ್ತಿದ್ದ. ಮಕ್ಕಳು ಕಿಸಕ್ಕೆಂದು ನಗುತ್ತಿದ್ದವು. ಸೆಲೆರಿನಾ ಕಾಳು ಬಡಿಸಿಕೊಂಡು ತಿನ್ನುತ್ತಿದ್ದಳು. ಅವನು ಕೆಟ್ಟವನಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳಿದರೆ ಯಾರೂ ನಂಬುವುದಿಲ್ಲ.

ಕಾಲೇಜಿನಲ್ಲೂ ಅವಳಿಗೆ ಜೊತೆ ಸಿಕ್ಕಲಿಲ್ಲ. ತರಗತಿಯ ಹುಡುಗರಿಗೆಲ್ಲ ಹತ್ತೊಂಬತ್ತು. ಅವರು ಅವಳನ್ನು "ಮೇಡಂ" ಎಂದು ಕರೆದು ಬಾಗಿಲು ಹಿಡಿದು ನಿಲ್ಲುತ್ತಿದ್ದರು. ಅದಕ್ಕಿಂತ ದೂರ ತಳ್ಳುವ ಮರ್ಯಾದೆ ಇನ್ನೊಂದಿಲ್ಲ. ಮನೆಯಲ್ಲಿ ಹೆತ್ತವರ ಹಳ್ಳಿಯ ಮಿಸ್ತೆಕೊ ಭಾಷೆ, ಶೆಡ್ಡಿನಲ್ಲಿ ಸ್ಪ್ಯಾನಿಷ್, ಇಲ್ಲಿ ಇಂಗ್ಲಿಷ್. ಮೂರರಲ್ಲಿ ಯಾವುದರಲ್ಲೂ ತನ್ನ ಮನಸ್ಸಿನ ಮಾತು ಆಡುವ ಸಂದರ್ಭ ಅವಳಿಗೆ ಬರುತ್ತಿರಲಿಲ್ಲ. ತರಗತಿಗೆ ಮುಂಚೆ ಕಾರು ನಿಲ್ಲಿಸುವ ಜಾಗದಲ್ಲಿ, ಕಾರಿನೊಳಗೇ ಕುಳಿತು, ಬೆಳಗ್ಗೆ ಸುತ್ತಿಟ್ಟ ರೊಟ್ಟಿ ತಿನ್ನುತ್ತಿದ್ದಳು. ಮೊದಲ ಸಲ ರಸಾಯನಶಾಸ್ತ್ರದಲ್ಲಿ ತರಗತಿಗೇ ಹೆಚ್ಚು ಅಂಕ ಬಂದ ದಿನ ಆ ಉತ್ತರಪತ್ರಿಕೆಯನ್ನು ಪಕ್ಕದ ಸೀಟಿನ ಮೇಲಿಟ್ಟು ರೊಟ್ಟಿ ತಿಂದಳು. ಒಬ್ಬರಿಗೆ ತೋರಿಸಿದ ಹಾಗೆ ಆಯಿತು, ಅಷ್ಟೇ.

ಹೀಗೆ ಮೂರು ವರ್ಷ. ಎರಡು ವರ್ಷದ ಪಾಠವನ್ನು ಮೂರು ವರ್ಷದಲ್ಲಿ ಮುಗಿಸಿದಳು. ಉಳಿದೆರಡು ವರ್ಷವನ್ನು ದೊಡ್ಡ ವಿಶ್ವವಿದ್ಯಾಲಯದಲ್ಲಿ ಓದಿ ಸಸ್ಯರೋಗಗಳ ವಿಷಯದಲ್ಲಿ ಪದವಿ ಪಡೆಯಬೇಕೆಂಬುದು ಆಸೆ. ಹಬೆಯಾಡುವ ಬೇಸಿಗೆಯಲ್ಲಿ ಗಂಧಕದ ಪುಡಿ ಮೈತುಂಬ ಮೆತ್ತಿಕೊಂಡು ದ್ರಾಕ್ಷಿ ಬಳ್ಳಿಯ ಕೆಳಗೆ ಬಗ್ಗಿದವಳಿಗೆ ಆ ಗಂಧಕ ಯಾಕೆ ಹಾಕುತ್ತಾರೆಂದು ತಿಳಿಯುವ ಆಸೆ ಇರಬಾರದೇನು? ಈಗ ಸೀಟೂ ಸಿಕ್ಕಿತ್ತು. ಆದರೆ ಆ ಸುದ್ದಿಯ ಕೆಳಗೆ ಸಣ್ಣಕ್ಷರದಲ್ಲಿ ಒಂದು ಮಾತಿತ್ತು: ಇಲ್ಲಿಯವರೆಗೆ ಓದಿದ ಪ್ರತಿಯೊಂದು ಕಾಲೇಜಿನ ಅಂಕಪಟ್ಟಿಯನ್ನೂ ಜುಲೈ ತಿಂಗಳೊಳಗೆ ಕಳಿಸಬೇಕು, ಯಾವುದನ್ನಾದರೂ ಮುಚ್ಚಿಟ್ಟದ್ದು ತಿಳಿದರೆ ಸೀಟು ರದ್ದು.

ಕಾಲೇಜಿನಲ್ಲಿ ಇಂಥ ವಿಷಯಗಳಿಗೆ ದಾರಿ ಹೇಳುವವರು ಮಿಸೆಸ್ ಮನೂಗಿಯನ್. ಎತ್ತರದ, ಬಿಳಿಕೂದಲಿನ ಅರ್ಮೇನಿಯನ್ ಹೆಂಗಸು. ಅವರ ತಾತನ ಕಾಲದಿಂದ ನಮ್ಮ ಕಣಿವೆಯಲ್ಲೇ ಒಣದ್ರಾಕ್ಷಿ ಬೆಳೆದ ಮನೆತನ. ಅವರು ಸುದ್ದಿ ಕೇಳಿ ಕುರ್ಚಿಯಿಂದ ಎದ್ದೇಬಿಟ್ಟರು.

"ಅಯ್ಯೋ ಹುಡುಗಿ, ಇಷ್ಟು ದಿನ ಹೇಳ್ದೆ ಇದ್ಯಲ್ಲ! ಸಿಹಿ ಎಲ್ಲಿ?" ಎಂದು ಕೈ ಹಿಡಿದು ಕುಲುಕಿದರು. ಆಮೇಲೆ ಕಂಪ್ಯೂಟರಿನತ್ತ ತಿರುಗಿ ಮಾಮೂಲಿನ ದನಿಯಲ್ಲಿ, "ಬೇರೆ ಯಾವ ಕಾಲೇಜಿಗೂ ಹೋಗಿರ್ಲಿಲ್ಲ, ಅಲ್ವಾ?" ಎಂದರು.

"ಇಲ್ಲ ಮೇಡಂ."

ಬಾಯಿಗೆ ಬಂದಷ್ಟು ಸುಲಭವಾಗಿ ಆ ಸುಳ್ಳು ಅರಗಲಿಲ್ಲ. ಮೂರು ದಿನ ಆ ಕೋಣೆಯ ಬಾಗಿಲವರೆಗೆ ಬಂದು ವಾಪಸ್ಸು ಹೋದಳು. ನಾಲ್ಕನೇ ದಿನ ಮತ್ತೆ ಹೋಗಿ, ಬಾಗಿಲಲ್ಲೇ ನಿಂತು, "ಮೇಡಂ, ನಾನು ಒಂದು ಕಡೆ ಆರು ವಾರ ಹೋಗಿದ್ದೆ" ಎಂದಳು.

ಮಿಸೆಸ್ ಮನೂಗಿಯನ್ ಬಾಗಿಲು ಹಾಕಲು ಹೇಳಿ ಕೂರಿಸಿಕೊಂಡರು. "ಬಿಡುವಾಗ ಯಾರಿಗೆ ಹೇಳಿದೆ?"

"ಯಾರಿಗೂ ಇಲ್ಲ."

"ಮೇಷ್ಟ್ರಿಗೆ? ಆಫೀಸಿಗೆ? ಒಂದು ಕಾಗದ ಬರ್ಕೊಟ್ಟಿರ್ಬೇಕಲ್ಲ, ಹೆಸರು ತೆಗೀರಿ ಅಂತ."

ಸೆಲೆರಿನಾ ನಿಜಕ್ಕೂ ಅರ್ಥವಾಗದೆ ಅವರ ಮುಖ ನೋಡಿದಳು. "ಯಾಕೆ ಹೇಳ್ಬೇಕು ಮೇಡಂ? ಹೋಗ್ಲಿಲ್ಲ ಅಂದ್ಮೇಲೆ ಹೆಸರು ತಾನೇ ಹೋಗುತ್ತಲ್ಲ. ಎರಡು ದಿನ ನಾವು ಕಾಣ್ಲಿಲ್ಲ ಅಂದ್ರೆ ಮೇಸ್ತ್ರಿ ಹೆಸರು ಹೊಡೆದುಹಾಕ್ತಾನೆ. ಮೂರನೇ ದಿನ ಆ ಸಾಲಿಗೆ ಇನ್ನೊಬ್ಬ ಬಂದಿರ್ತಾನೆ."

ತಪ್ಪು ಇಲ್ಲಿತ್ತು ನೋಡಿ. ಕಾಲೇಜು ಓದಿದ ಅಪ್ಪ ಅಮ್ಮ ಇರುವ ಮನೆಯ ಹುಡುಗಿ ಬೇರೆ ನೂರು ತಪ್ಪು ಮಾಡಿಯಾಳು, ಇದನ್ನು ಮಾಡುವುದಿಲ್ಲ. ದ್ರಾಕ್ಷಿ ತೋಟದಲ್ಲಿ ಬಾರದವನ ಹೆಸರು ಎರಡು ದಿನದಲ್ಲಿ ಅಳಿಸಿಹೋಗುತ್ತದೆ, ಯಾರೂ ಕಾರಣ ಕೇಳುವುದಿಲ್ಲ, ಯಾರೂ ನೆನಪಿಡುವುದಿಲ್ಲ. ಕಾಲೇಜಿನಲ್ಲಿ ಮಾತ್ರ ಬಾರದವನ ಹೆಸರನ್ನು ಜೋಪಾನವಾಗಿ ಇಟ್ಟುಕೊಂಡು, ವರ್ಷಾಂತ್ಯಕ್ಕೆ ಅದರ ಮುಂದೆ ಫೇಲು ಎಂದು ಬರೆದು ಶಾಶ್ವತ ಮಾಡುತ್ತಾರೆ. ಮಿಸೆಸ್ ಮನೂಗಿಯನ್ ಹಳೆಯ ಕಾಲೇಜಿನ ಪಟ್ಟಿಯನ್ನು ತರಿಸಿ ನೋಡಿದಾಗ ನಾಲ್ಕು ವಿಷಯಗಳ ಮುಂದೆ ನಾಲ್ಕು ಫೇಲುಗಳು ಹದಿಮೂರು ವರ್ಷದಿಂದ ತೆಪ್ಪಗೆ ಕುಳಿತಿದ್ದವು. ಅವನ್ನು ಸೇರಿಸಿ ಸರಾಸರಿ ತೆಗೆದರೆ ವಿಶ್ವವಿದ್ಯಾಲಯದ ಗೆರೆಯಿಂದ ಅವಳು ಕೆಳಗೆ ಬೀಳುತ್ತಿದ್ದಳು.

"ಒಂದು ದಾರಿ ಇದೆ" ಎಂದರು ಅವರು. "ಆ ಕಾಲೇಜಿಗೆ ಅರ್ಜಿ ಹಾಕ್ಬೇಕು. ಕೈಮೀರಿದ ಕಾರಣಕ್ಕೆ ಬಿಟ್ಟೆ ಅಂತ ತೋರಿಸಿದ್ರೆ ಆ ನಾಲ್ಕನ್ನೂ ಸರಾಸರಿಗೆ ಸೇರಿಸಲ್ಲ. ವಿಶ್ವವಿದ್ಯಾಲಯದವರಿಗೆ ನಾನು ಇವತ್ತೇ ಬರೀತೀನಿ, ಹುಡುಗಿ ತಾನಾಗೇ ಬಂದು ಹೇಳಿದಾಳೆ ಅಂತ. ಯಾಕೆ ಬಿಟ್ಟೆ, ಹೇಳು."

ಆ ಪ್ರಶ್ನೆಗೆ ಉತ್ತರ ಗೊತ್ತಿದ್ದವರು ಭೂಮಿಯ ಮೇಲೆ ಇಬ್ಬರೇ. ಒಬ್ಬಳು ನಾಲ್ಕು ವರ್ಷದ ಹಿಂದೆ ಮಣ್ಣಾಗಿದ್ದಳು.

ಆ ವರ್ಷ ಸೆಪ್ಟೆಂಬರಿನ ಒಂದು ಶನಿವಾರ, ಒಣಗಿದ ದ್ರಾಕ್ಷಿಯ ಪೆಟ್ಟಿಗೆಗಳನ್ನು ಗಾಡಿಗೆ ಏರಿಸುತ್ತಿದ್ದಾಗ ಫಿದೆನ್ಸಿಯೊ ಜಾರಿ ಬಿದ್ದ. ಪೆಟ್ಟಿಗೆ ಅವನ ಬೆನ್ನ ಮೇಲೆ ಬಿತ್ತು. ಆಸ್ಪತ್ರೆ ಗೀಸ್ಪತ್ರೆ ಎಂದರೆ ಮುಂದಿನ ವರ್ಷ ಈ ಕಡೆ ತಲೆ ಹಾಕಬೇಡ ಎಂದ ಮೇಸ್ತ್ರಿ. ಮನೆಗೆ ಹೊತ್ತು ತಂದರು. ಬೆನ್ನು ತಿಕ್ಕುವ ಮುದುಕಿಯೊಬ್ಬಳು ಬಂದು ತಿಕ್ಕಿ, ಒಂದು ತಿಂಗಳು ಏಳಕೂಡದು ಎಂದಳು. ಅವನ ಸಾಲನ್ನು ಉಳಿಸಿಕೊಳ್ಳಲು ಒಂದೇ ದಾರಿ: ಮನೆಯವರು ಯಾರಾದರೂ ಸೋಮವಾರ ಬೆಳಗ್ಗೆ ಅಲ್ಲಿ ನಿಲ್ಲಬೇಕು. ಎರ್ಮಿನಿಯಾಗೆ ಆಗಲೇ ಸಕ್ಕರೆ ಕಾಯಿಲೆ, ಒಫೇಲಿಯಾಗೆ ಹನ್ನೆರಡು ವರ್ಷ. ಅಮ್ಮನ ಫೋನು ಬಂದ ಮರುದಿನ ಸೆಲೆರಿನಾ ಚೀಲ ಹಿಡಿದು ಬಂದಳು.

ಅಮ್ಮ ಅವಳನ್ನು ಬಾಗಿಲಲ್ಲೇ ತಡೆದು ಪಿಸುಗುಟ್ಟಿದ್ದಳು: "ಅವರಿಗೋಸ್ಕರ ಬಿಟ್ಟೆ ಅಂತ ಗೊತ್ತಾದ್ರೆ ಈ ಮನುಷ್ಯ ನಾಳೆ ಬೆಳಿಗ್ಗೆ ತೆವಳಿಕೊಂಡಾದ್ರೂ ತೋಟಕ್ಕೆ ಹೋಗ್ತಾರೆ ಕಣೇ. ಮೂಳೆ ಮುರ್ಕೊಂಡು ಸಾಯ್ತಾರೆ. ಗುರುವಾರವೇ ಬಿಟ್ಟೆ ಅನ್ನು. ತಲೆಗೆ ಹತ್ಲಿಲ್ಲ ಅನ್ನು."

ಅಪ್ಪನ ಬಗ್ಗೆ ಅಮ್ಮ ಹೇಳಿದ್ದು ಸುಳ್ಳಲ್ಲ. ಫಿದೆನ್ಸಿಯೊ ತನ್ನ ಊರಿನಲ್ಲಿ ಮೂರನೇ ತರಗತಿಯಲ್ಲಿದ್ದಾಗ ಎತ್ತು ತುಳಿದು ಅವನಪ್ಪನ ಕಾಲು ಹೋಗಿತ್ತು. ಮರುದಿನದಿಂದ ಇವನು ನೇಗಿಲ ಹಿಂದೆ. ತನ್ನ ಕಾರಣಕ್ಕೆ ತನ್ನ ಮಕ್ಕಳು ಯಾರೂ ಶಾಲೆ ಬಿಡಬಾರದು ಎಂಬುದೊಂದೇ ಅವನು ಜೀವನದಲ್ಲಿ ಹಿಡಿದ ಹಟ. ಹಾಗಾಗಿ ಹದಿನೆಂಟರ ಹುಡುಗಿ ಹಾಸಿಗೆಯ ಪಕ್ಕ ನಿಂತು, ತಲೆಗೆ ಹತ್ತಲಿಲ್ಲ ಅಪ್ಪಾ ಎಂದಳು. ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಸೋಮವಾರ ಅವಳು ಅವನ ಸಾಲಿನಲ್ಲಿ ನಿಂತಳು. ಒಂದು ತಿಂಗಳಿಗೆ ಎಂದು ಹೋದವಳು ಹತ್ತು ವರ್ಷ ನಿಂತಳು, ಅದು ನಮ್ಮ ಕಡೆ ಎಲ್ಲರಿಗೂ ಆಗುವುದೇ.

ಇಷ್ಟನ್ನೂ ಕೇಳಿದ ಮೇಲೆ ಮಿಸೆಸ್ ಮನೂಗಿಯನ್ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಕೆಲಸದ ಮಾತಿಗೆ ಬಂದರು. "ಆಸ್ಪತ್ರೆ ಚೀಟಿ ಇಲ್ಲ. ಬೆನ್ನು ತಿಕ್ಕಿದ ಮುದುಕಿ?"

"ಊರಿಗೆ ಹೋದ್ಲು. ಬದುಕಿದಾಳೋ ಇಲ್ವೋ."

"ಹಾಗಾದ್ರೆ ಅಪ್ಪನೇ ಒಂದು ಪತ್ರ ಕೊಡ್ಲಿ. ಬಿದ್ದೆ, ಏಳಕ್ಕಾಗ್ಲಿಲ್ಲ, ಮಗಳು ನನ್ನ ಜಾಗಕ್ಕೆ ಬರೋದಕ್ಕೆ ಓದು ಬಿಟ್ಲು ಅಂತ. ಕೆಳಗೆ ಅವರ ಸಹಿ. ಅಷ್ಟು ಸಾಕು."

ಅಷ್ಟು ಸಾಕಂತೆ! ಸೆಲೆರಿನಾ ದಕ್ಷಿಣದ ಆ ಹಳೆಯ ಕಾಲೇಜಿಗೆ ಹೋಗಿ ಅರ್ಜಿ ನಮೂನೆ ತಂದಳು. ಕಿಟಕಿಯ ಹಿಂದಿನ ಹುಡುಗ ಪಟ್ಟಿ ನೋಡಿ, "ಇಷ್ಟು ವರ್ಷ ಎಲ್ಲಿದ್ರಿ ಮೇಡಂ?" ಎಂದು ನಗುತ್ತ ಕೇಳಿದ. "ಇಲ್ಲೇ ಹತ್ರದಲ್ಲೇ" ಎಂದಳು. ಬರುವ ದಾರಿಯಲ್ಲಿ ಎರಡೂ ಕಡೆ ದ್ರಾಕ್ಷಿ ತೋಟಗಳು, ಹೊಸ ಎಲೆ. ಒಂದು ಕಡೆ ಕಾರು ನಿಲ್ಲಿಸಿ ಸುಮ್ಮನೆ ಕೂತುಬಿಟ್ಟಳು. ಅಮ್ಮ ಇದ್ದಿದ್ದರೆ ಕೇಳಬಹುದಿತ್ತು, ಈಗ ಹೇಳಲೇ ಬೇಡವೇ ಎಂದು. ಜಗತ್ತಿನಲ್ಲಿ ಒಂದು ಗುಟ್ಟನ್ನು ಇಬ್ಬರು ಹೊತ್ತಿದ್ದಾಗ ಅದು ಅಷ್ಟು ಭಾರವಿರಲಿಲ್ಲ.

ಅವಳಿಗೆ ಹೆದರಿಕೆ ಅಪ್ಪನ ಸಿಟ್ಟಿನದಲ್ಲ. ಹದಿಮೂರು ವರ್ಷ ಅವನು ಎಲ್ಲರೆದುರು ಆಡಿದ್ದೆಲ್ಲ ಒಂದೇ ಏಟಿಗೆ ಅವನ ಮೇಲೆಯೇ ಬಂದು ಬೀಳುತ್ತದಲ್ಲ, ಆಗ ಅವನು ತನ್ನ ಕಣ್ಣೆದುರು ಸಣ್ಣವನಾಗಿಬಿಟ್ಟರೆ? ಗೇಲಿ ಮಾಡುವ ಅಪ್ಪನಾದರೂ ಒಬ್ಬ ಇದ್ದ. ಅವನೂ ಹೋದರೆ ಯಾರು ಉಳಿದರು? ಸೀಟು ಬೇಕೋ ಅಪ್ಪ ಬೇಕೋ ಎಂದು ಯಾರೋ ಎದುರು ನಿಂತು ಕೇಳಿದಂತಾಗಿತ್ತು. ಎರಡೂ ಬೇಕು ಎಂದು ಅವಳಿಗೆ ಅಳು ಬಂತು.

ಆಮೇಲೆ ಒಂದು ಉಪಾಯ ಹೊಳೆಯಿತು. ಫಿದೆನ್ಸಿಯೊಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಗಾಡಿಯ ಕಾಗದ, ಬಾಡಿಗೆಯ ಕಾಗದ, ಅಮ್ಮನ ಆಸ್ಪತ್ರೆಯ ಕಾಗದ, ಎಲ್ಲಕ್ಕೂ ಮಗಳು ಬೆರಳಿಟ್ಟು ತೋರಿಸಿದ ಕಡೆ ಅವನು ಸಹಿ ಹಾಕುತ್ತ ಬಂದಿದ್ದಾನೆ. ಒಂದು ಸಲವೂ ಏನಿದು ಎಂದು ಬಿಡಿಸಿ ಕೇಳಿದವನಲ್ಲ. ಪತ್ರವನ್ನು ತಾನೇ ಬರೆದು ಮುಂದೆ ಇಟ್ಟರಾಯಿತು. ಅವನಿಗೂ ನೋವಿಲ್ಲ, ತನಗೂ ಸೀಟು. ಇದರಲ್ಲಿ ಮೋಸ ಏನು ಬಂತು, ಬರೆದದ್ದೆಲ್ಲ ನಿಜವೇ ತಾನೇ?

ಜೂನ್ ತಿಂಗಳ ಒಂದು ಭಾನುವಾರ, ಊಟವಾದ ಮೇಲೆ ಒಫೇಲಿಯಾ ಮಕ್ಕಳನ್ನು ಕರೆದುಕೊಂಡು ಪೇಟೆಗೆ ಹೋಗಿದ್ದಳು. ಹಿತ್ತಲ ಹಿಪ್ಪುನೇರಳೆ ಮರದ ಕೆಳಗೆ ಫಿದೆನ್ಸಿಯೊ ತನ್ನ ನಡುಪಟ್ಟಿಯ ಕಿತ್ತುಹೋದ ಹೊಲಿಗೆಯನ್ನು ದಬ್ಬಳದಿಂದ ಹಾಕುತ್ತ ಕೂತಿದ್ದ. ಬೆನ್ನಿಗೆ ಪೆಟ್ಟಾದ ವರ್ಷದಿಂದ ಆ ಪಟ್ಟಿಯಿಲ್ಲದೆ ಅವನು ತೋಟಕ್ಕೆ ಇಳಿದದ್ದಿಲ್ಲ. ಸೆಲೆರಿನಾ ಕಾಗದ, ಪೆನ್ನು ತಂದು ಅವನ ಮುಂದಿನ ಸ್ಟೂಲಿನ ಮೇಲಿಟ್ಟಳು.

"ಏನಮ್ಮಾ ಲಾಯರಮ್ಮ, ನನ್ನ ಆಸ್ತಿ ಬರೆಸ್ಕೋತಿದೀಯ?" ಎಂದ ಅವನು ದಬ್ಬಳವನ್ನು ಬಾಯಲ್ಲಿ ಕಚ್ಚಿಕೊಂಡೇ.

"ಕಾಲೇಜಿಂದು ಅಪ್ಪಾ. ಇಲ್ಲೊಂದು ಸಹಿ."

"ಆ ಕಾಲೇಜಿನವರಿಗೆ ನನ್ನ ಸಹಿ ಮೇಲೆ ಅಷ್ಟು ಆಸೆನಾ! ತಾ."

ದಬ್ಬಳ ಪಕ್ಕಕ್ಕಿಟ್ಟ. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಅವನ ಸಹಿ ಎಂದರೆ ಒಂದೊಂದೇ ದೊಡ್ಡಕ್ಷರವನ್ನು ಬಿಡಿಬಿಡಿಯಾಗಿ ಬರೆಯುವುದು, ಬಹಳ ಹೊತ್ತು ಹಿಡಿಯುತ್ತದೆ. ಮೊದಲ ಅಕ್ಷರ ಬರೆದ. ಎರಡನೆಯದು ಬರೆದ. ಅವನ ಬೆರಳ ಮೇಲೆಯೇ ಕಣ್ಣಿಟ್ಟಿದ್ದ ಸೆಲೆರಿನಾಳಿಗೆ ಅದರ ಮೇಲಿನ ಸಾಲು ಕಣ್ಣಿಗೆ ಬಿತ್ತು. ತಾನೇ ಬರೆದ ಸಾಲು: 'ನನ್ನ ಮಗಳು ನನಗಾಗಿ ಓದು ಬಿಟ್ಟಳೆಂದು ನಾನು ಬಲ್ಲೆ.'

ಬಲ್ಲನೇ? ಅವನಿಗೇನು ಗೊತ್ತಿದೆ? ಅವನು ಗೊತ್ತಿದೆ ಎಂದು ಜಗತ್ತಿಗೆಲ್ಲ ಬರೆದುಕೊಡುತ್ತಿದ್ದಾನೆ, ಅವನೊಬ್ಬನನ್ನು ಬಿಟ್ಟು ಇನ್ನೆಲ್ಲರಿಗೂ ಗೊತ್ತಾಗುತ್ತದೆ. ಮೂರನೇ ಅಕ್ಷರ ಮುಗಿಯಿತು. ಅವಳಿಂದ ತಡೆಯಲಾಗಲಿಲ್ಲ.

"ನಿಲ್ಲಪ್ಪಾ. ಓದಿ ಹೇಳ್ತೀನಿ, ಆಮೇಲೆ ಹಾಕು."

"ನಂಗ್ಯಾಕೆ ಓದ್ತೀಯ, ನಾನೇನು ಪರೀಕ್ಷೆ ಕಟ್ಟಿದೀನಾ?"

"ಕೇಳಪ್ಪಾ, ಸುಮ್ನೆ."

ಅವಳು ನಿಂತುಕೊಂಡೇ, ಒಂದೊಂದು ಸಾಲನ್ನೂ ಮನೆಯ ಭಾಷೆಗೆ ತಂದು ಹೇಳಿದಳು. ಗಾಡಿಯಿಂದ ಬಿದ್ದ ದಿನ. ತಿಂಗಳು ಏಳಲಾಗದ್ದು. ಮಗಳು ಆ ಸುದ್ದಿ ಕೇಳಿ ಕಾಲೇಜು ಬಿಟ್ಟದ್ದು. ಇಷ್ಟೇ ಇದ್ದದ್ದು, ಆರೇಳು ಸಾಲು. ಮುಗಿದ ಮೇಲೆ ಅವನು ಮುಖ ಎತ್ತಲಿಲ್ಲ.

"ಗುರುವಾರ ಬಿಟ್ಟೆ ಅಂದಿದ್ದೆ."

"ಭಾನುವಾರ ಬಿಟ್ಟೆ."

"ಯಾರು ಹೇಳಿದ್ರು ನಿಂಗೆ ಬಿಡೋಕೆ? ಯಾರು ಕೇಳಿದ್ರು?" ಅವನ ದನಿ ಏರಿತು. ಪಕ್ಕದ ಮನೆಯ ನಾಯಿ ಬೊಗಳಿತು. "ನಿನ್ನಮ್ಮಂಗೆ ಗೊತ್ತಿತ್ತಾ?"

"ಅಮ್ಮನೇ ಹೇಳ್ಕೊಟ್ಟಿದ್ದು."

ಸತ್ತವಳೊಂದಿಗೆ ಜಗಳವಾಡುವುದು ಹೇಗೆ? ಅವನು ಆ ನಡುಪಟ್ಟಿಯನ್ನು ತೊಡೆಯ ಮೇಲೆ ಅತ್ತಿತ್ತ ತಿರುಗಿಸಿದ. ಸೆಲೆರಿನಾಳಿಗೆ ಹೋಗಿ ಅವನ ಪಕ್ಕ ಕೂರಬೇಕೆನಿಸಿತು. ಅವರ ಮನೆಯಲ್ಲಿ ಹಾಗೆಲ್ಲ ರೂಢಿಯಿಲ್ಲ. ನಿಂತೇ ಇದ್ದಳು.

"ಇದಕ್ಕೆ ಸಹಿ ಹಾಕಿದ್ರೆ ಹಳೇದೆಲ್ಲ ಅಳಿಸಿಹೋಗುತ್ತಾ?" ಎಂದ ಕೊನೆಗೆ.

"ಇಲ್ಲ. ಪಟ್ಟಿಯಲ್ಲಿ ಹಾಗೇ ಇರುತ್ತೆ. ಸರಾಸರಿಗೆ ಮಾತ್ರ ಸೇರಿಸಲ್ಲ."

"ಹಾಗೇ ಇರುತ್ತಾ?"

"ಇರುತ್ತೆ."

"ನಾನು ಅಂದಿದ್ದೂ?" ಅವನು ಈಗ ಅವಳನ್ನು ನೋಡಿದ. "ತೋಟದಲ್ಲಿ... ಅಬುಂದಿಯೊ ಮುಂದೆ, ಆ ಪಾದ್ರಿ ಮುಂದೆ... ಅದೂ ಇರುತ್ತಾ?"

ಇಲ್ಲ ಅಪ್ಪಾ, ಅದೆಲ್ಲ ನಾನು ಮನಸ್ಸಿಗೆ ಹಾಕಿಕೊಂಡೇ ಇಲ್ಲ ಎನ್ನಬೇಕಿತ್ತು. ಅಷ್ಟು ಹೇಳಿದ್ದರೆ ಅವನು ಮೂಗು ಒರೆಸಿಕೊಂಡು ಏನೋ ಒಂದು ಕುಚೋದ್ಯ ಮಾಡಿ ಎದ್ದುಹೋಗುತ್ತಿದ್ದ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಇವನಿಗಾಗಿ ಹದಿಮೂರು ವರ್ಷ ಸುಳ್ಳು ಹೇಳಿ ಅವಳು ದಣಿದಿದ್ದಳು. ಒಂದೇ ಒಂದು ನಿಜವನ್ನು ಕಷ್ಟಪಟ್ಟು ಹೊರಗೆ ತಂದ ಹತ್ತೇ ನಿಮಿಷದಲ್ಲಿ ಮತ್ತೊಂದು ಸುಳ್ಳು ಹೇಳಲು ಅವಳ ನಾಲಿಗೆ ಹೊರಳಲಿಲ್ಲ.

"ಇರುತ್ತೆ ಅಪ್ಪಾ" ಎಂದಳು.

ಅವನು ತಲೆಯಾಡಿಸಿದ. ಪೆನ್ನು ತೆಗೆದುಕೊಂಡು ಉಳಿದ ಅಕ್ಷರಗಳನ್ನು ಒಂದೊಂದಾಗಿ ಬರೆದು ಮುಗಿಸಿದ. ಕಾಗದವನ್ನು ಎರಡೂ ಕೈಯಲ್ಲಿ ಎತ್ತಿ ಅವಳಿಗೆ ಕೊಟ್ಟ. ಆಮೇಲೆ ದಬ್ಬಳ ಹುಡುಕಿದ. ಅದು ಕಣ್ಣೆದುರೇ ಇತ್ತು, ಅವನಿಗೆ ಕಾಣಲಿಲ್ಲ. ಅವಳು ಎತ್ತಿ ಕೊಟ್ಟಳು.

ಅರ್ಜಿ ಜುಲೈ ಮೊದಲ ವಾರದಲ್ಲಿ ಮಂಜೂರಾಯಿತು. ವಿಶ್ವವಿದ್ಯಾಲಯದವರು ಮತ್ತೊಮ್ಮೆ ಪರಿಶೀಲಿಸಿ, ಸೀಟು ನಿನ್ನದೇ ಎಂದು ಬರೆದರು. ಮಿಸೆಸ್ ಮನೂಗಿಯನ್ ತಾವೇ ಒಂದು ಡಬ್ಬಿ ಬಾದಾಮಿ ಸಿಹಿ ತಂದು ಕೊಟ್ಟರು. ಒಫೇಲಿಯಾ ಅಕ್ಕನನ್ನು ತಬ್ಬಿಕೊಂಡು ಅತ್ತಳು. ಮಕ್ಕಳು ಸಿಹಿ ತಿಂದು ಡಬ್ಬಿಯನ್ನು ಡೋಲು ಮಾಡಿಕೊಂಡವು. ಎಲ್ಲ ಒಳ್ಳೆಯದೇ ಆಯಿತು. ಫಿದೆನ್ಸಿಯೊ ಮಾತ್ರ ತಮಾಷೆ ಮಾಡುವುದನ್ನು ಬಿಟ್ಟುಬಿಟ್ಟ. ಊಟಕ್ಕೆ ಕೂತಾಗ ಅವಳು ರೊಟ್ಟಿ ತೆಗೆದುಕೊಳ್ಳುವವರೆಗೆ ತಾನು ಮುಟ್ಟುತ್ತಿರಲಿಲ್ಲ. ಅವಳು ಒಳಗೆ ಬಂದರೆ ಟೀವಿಯ ಸದ್ದು ಕಡಿಮೆ ಮಾಡುತ್ತಿದ್ದ. "ಓದೋದಿದ್ರೆ ಓದ್ಕೋ ಮಗಳೇ, ನಾವು ಹೊರಗೆ ಕೂತ್ಕೋತೀವಿ" ಎನ್ನುತ್ತಿದ್ದ. ಮೇಸ್ತ್ರಿ ಅಬುಂದಿಯೊ ಒಂದು ದಿನ ಬೀದಿಯಲ್ಲಿ "ಏನ್ ಲಾಯರಮ್ಮಾ" ಎಂದಾಗ, "ಅವಳಿಗೆ ಹೆಸರಿದೆ" ಎಂದು ಗದರಿಬಿಟ್ಟನಂತೆ. ಇದನ್ನು ಕೇಳಿದ ಒಫೇಲಿಯಾ ಸಂತೋಷದಿಂದ ಬಂದು ಅಕ್ಕನಿಗೆ ಹೇಳಿದಳು. ಅಕ್ಕನಿಗೆ ಸಂತೋಷವಾಗಲಿಲ್ಲ. ಒಂದೇ ಒಂದು ಸಲ ಅವನು ತನ್ನನ್ನು ಮೊದಲಿನ ಹಾಗೆ ರೇಗಿಸಲಿ ಎಂದು ಅವಳು ಕಾದಳು. ಬೇಕೆಂದೇ ಕಾಳಿಗೆ ಉಪ್ಪು ಹೆಚ್ಚು ಹಾಕಿದಳು. ಅವನು ಸದ್ದಿಲ್ಲದೆ ತಿಂದ.

ಸೆಪ್ಟೆಂಬರಿನ ಕೊನೆಯ ಭಾನುವಾರ ಅಳಿಯನ ಗಾಡಿಯಲ್ಲಿ ಅವಳ ಎರಡು ಪೆಟ್ಟಿಗೆ, ಹಾಸಿಗೆ ಹೇರಿಕೊಂಡು ಅಪ್ಪ ಮಗಳು ಇಬ್ಬರೇ ಉತ್ತರಕ್ಕೆ ಹೊರಟರು. ನಾಲ್ಕು ಗಂಟೆಯ ದಾರಿ. "ಕಿಟಕಿ ತೆಗೀಲಾ?" ಎಂದು ಒಮ್ಮೆ ಕೇಳಿದ. "ನೀರು ಬೇಕಾ?" ಎಂದು ಇನ್ನೊಮ್ಮೆ. ಅಷ್ಟೇ ಮಾತು. ವಿಶ್ವವಿದ್ಯಾಲಯದ ಹತ್ತಿರ ಬಾಡಿಗೆಗೆ ಹಿಡಿದ ಮನೆಯಲ್ಲಿ ಇನ್ನಿಬ್ಬರು ಹುಡುಗಿಯರಿದ್ದರು, ಅವರಿನ್ನೂ ಬಂದಿರಲಿಲ್ಲ. ಅವಳದು ಒಂದು ಸಣ್ಣ ಕೋಣೆ, ಒಂದು ಮೇಜು, ಒಂದು ಕುರ್ಚಿ. ಅವನು ಪೆಟ್ಟಿಗೆಗಳನ್ನು ಒಂದೊಂದಾಗಿ ಹೊತ್ತು ತಂದಿಟ್ಟ. ಬೇಡ ಅಪ್ಪಾ ಬೆನ್ನು ಎಂದರೂ ಕೇಳಲಿಲ್ಲ.

"ಕೂತ್ಕೋ ಅಪ್ಪಾ."

"ಪರವಾಗಿಲ್ಲ."

ಅವನು ಬಾಗಿಲ ಹೊರಗೇ ನಿಂತಿದ್ದ, ಹೊಸ್ತಿಲು ದಾಟದೆ. ಹುಲ್ಲಿನ ಟೋಪಿಯನ್ನು ತಲೆಯಿಂದ ತೆಗೆದು ಎದೆಯ ಹತ್ತಿರ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ನಮ್ಮ ತೋಟಗಳಲ್ಲಿ ಕೆಲಸದವರು ಜಮೀನಿನ ಯಜಮಾನ ಬಂದಾಗ ಹೀಗೆ ನಿಲ್ಲುತ್ತಾರೆ. ಸೆಲೆರಿನಾ ಹತ್ತು ವರ್ಷ ಅವನ ಪಕ್ಕದ ಸಾಲಿನಲ್ಲಿ ಬಗ್ಗಿ ದ್ರಾಕ್ಷಿ ಕೊಯ್ದವಳು, ಅವನು ಹಾಗೆ ನಿಂತದ್ದನ್ನು ನೂರು ಸಲ ಕಂಡಿದ್ದಳು. ಯಾರ ಮುಂದೆ ನಿಲ್ಲುತ್ತಾನೆಂದೂ ಗೊತ್ತಿತ್ತು.

"ಅಪ್ಪಾ, ಟೋಪಿ ಹಾಕ್ಕೋ" ಎಂದಳು. "ನಾನು ಕಣಪ್ಪಾ. ಹಾಕ್ಕೋ."

ಅವನು ಹಾಕಿಕೊಂಡ. ಕೋಣೆಯ ಮೂಲೆ, ಮೇಜು, ಕಿಟಕಿ ಎಲ್ಲವನ್ನೂ ಹೊರಗಿನಿಂದಲೇ ಒಮ್ಮೆ ನೋಡಿದ. ಚೆನ್ನಾಗಿದೆ ಎಂದ. ಸಾಲುಗಳಲ್ಲಿ ಕಾಗದದ ಮೇಲೆ ಒಣಗಿದ ದ್ರಾಕ್ಷಿಯನ್ನು ಸುತ್ತಿಡುವ ಕೆಲಸ ನಾಳೆ ಶುರು, ಹೊರಡುತ್ತೇನೆ ಎಂದ. ಅವಳು ಗಾಡಿಯವರೆಗೆ ಬಂದಳು. ಅವನು ಬಾಗಿಲು ತೆಗೆದು, ಒಂದು ಕಾಲು ಒಳಗಿಟ್ಟು, ಅವಳ ಕಡೆ ತಿರುಗಿದ. ಕೈ ತಾನಾಗಿ ತಲೆಗೆ ಹೋಯಿತು. ಟೋಪಿಯನ್ನು ಮತ್ತೆ ತೆಗೆದ.